ಕನ್ನಡ ಪಿಡಿಎಫ್‌ಗೆ ಯಾವ ಲೈಬ್ರರಿ? ಹೋಲಿಸಿ ಆರಿಸುವ ಕ್ರಮ

ಪೈಥಾನ್‌ನಲ್ಲಿ ಪಿಡಿಎಫ್ ತಯಾರಿಸಲು ಯಾವ ಲೈಬ್ರರಿ (ಬೇರೆಯವರು ಬರೆದಿಟ್ಟ, ನಮ್ಮ ಕೋಡಿನಲ್ಲಿ ಬಳಸಿಕೊಳ್ಳುವ ತಂತ್ರಾಂಶ) ಒಳ್ಳೆಯದೆಂದು ಹುಡುಕಿದರೆ ಹೋಲಿಕೆಯ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಒಂದೊಂದು ಹೆಸರಿನ ಮುಂದೆ ಮುಕ್ತ ತಂತ್ರಾಂಶಗಳ ಕೋಡ್ ಇರಿಸುವ ತಾಣವಾದ ಗಿಟ್‌ಹಬ್‌ನಲ್ಲಿ ಮೆಚ್ಚಿದವರು ಕೊಟ್ಟ ನಕ್ಷತ್ರಗಳ ಲೆಕ್ಕ, ಸೌಲಭ್ಯಗಳ ಸಾಲು, ಹಸಿರು ಟಿಕ್ ಗುರುತು. ‘ಯೂನಿಕೋಡ್ ಬೆಂಬಲ’ ಎಂಬ ಅಂಕಣದಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಟಿಕ್ ಇರುತ್ತದೆ. ಅದನ್ನು ನಂಬಿ ಒಂದನ್ನು ಆರಿಸಿ ‘ಸ್ವಾತಂತ್ರ್ಯ’ ಎಂದು ಮುದ್ರಿಸಿದರೆ, ಒತ್ತುಗಳು ಅಕ್ಷರದ ಕೆಳಗೆ ಕೂರದೆ, ತ, ರ, ಯ ಬಿಡಿಬಿಡಿಯಾಗಿ ನಡುನಡುವೆ ಹಲಂತದ ಗುರುತು ಹೊತ್ತು ಸಾಲಾಗಿ ನಿಂತಿರುವುದು ಕಾಣಬಹುದು. ಪಟ್ಟಿ ಮಾಡಿದವರು ಸುಳ್ಳು ಹೇಳಿರುವುದಿಲ್ಲ. ಅವರು ಕನ್ನಡವನ್ನು ಹಾಕಿ ನೋಡಿರುವುದಿಲ್ಲ, ಅಷ್ಟೇ.

ಆದ್ದರಿಂದ ಮುಕ್ತ ತಂತ್ರಾಂಶಗಳ ಹೋಲಿಕೆಯಲ್ಲಿ ಕೊನೆಯ ತೀರ್ಪು ನಿಮ್ಮದೇ ದತ್ತಾಂಶವನ್ನು ಹಾಕಿ ನಡೆಸಿದ ಪ್ರಯೋಗದಿಂದ ಬರಬೇಕು ಎಂಬುದು ನನ್ನ ಗಟ್ಟಿ ನಿಲುವು. ಉಳಿದೆಲ್ಲ ಪರಿಶೀಲನೆಗಳು ಯಾವುದನ್ನು ಪ್ರಯೋಗಕ್ಕೆ ತೆಗೆದುಕೊಳ್ಳಬೇಕು ಎಂಬುದನ್ನು ಮಾತ್ರ ಹೇಳುತ್ತವೆ. ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ಹೋಗೋಣ: ಹಾಲು ಉತ್ಪಾದಕರ ಸಹಕಾರ ಸಂಘವೊಂದು ತನ್ನ ಸದಸ್ಯರಿಗೆ ಪ್ರತಿ ತಿಂಗಳು ಕನ್ನಡದಲ್ಲಿ ಪಿಡಿಎಫ್ ರಸೀದಿ ಕೊಡಬೇಕು ಎಂದುಕೊಳ್ಳಿ.

1. ಮೊದಲು ಕೆಲಸವನ್ನು ಬರೆದಿಡಿ

ಯಾವ ಲೈಬ್ರರಿಯ ಪುಟವನ್ನೂ ತೆರೆಯುವ ಮೊದಲು ಅರ್ಧ ಪುಟದಷ್ಟು ಬರೆಯಿರಿ. ರಸೀದಿ ತಯಾರಾಗುವುದು ಎಲ್ಲಿ: ಸಂಘದ ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲೋ, ಬಾಡಿಗೆಯ ಲಿನಕ್ಸ್ ಸರ್ವರ್‌ನಲ್ಲೋ? ಒಮ್ಮೆಗೆ ಎಷ್ಟು ರಸೀದಿ? ಕನ್ನಡದ ಜೊತೆ ಇಂಗ್ಲಿಷ್ ಮತ್ತು ರೂಪಾಯಿ ಚಿಹ್ನೆಯೂ ಬರುತ್ತವೆಯೇ? ಪಿಡಿಎಫ್ ಒಳಗೆ ಸದಸ್ಯರ ಹೆಸರನ್ನು ಹುಡುಕಲು ಸಾಧ್ಯವಾಗಬೇಕೇ? ಮುಂದೆ ಇದನ್ನು ನೋಡಿಕೊಳ್ಳುವವರು ಎಚ್‌ಟಿಎಂಎಲ್ ಬಲ್ಲವರೇ, ಪೈಥಾನ್ ಬಲ್ಲವರೇ? ಒಂದೊಂದು ಉತ್ತರದ ಮುಂದೆ ‘ಇರಲೇಬೇಕು’ ಅಥವಾ ‘ಇದ್ದರೆ ಒಳ್ಳೆಯದು’ ಎಂದು ಗುರುತು ಹಾಕಿ. ಈ ಗುರುತುಗಳಿಲ್ಲದೆ ಹೋಲಿಕೆಗೆ ಇಳಿದರೆ, ಹೆಚ್ಚು ಸೌಲಭ್ಯಗಳಿರುವುದೇ ಗೆಲ್ಲುತ್ತದೆ. ಅವುಗಳಲ್ಲಿ ಮುಕ್ಕಾಲು ಪಾಲು ನಿಮಗೆ ಬೇಕಾಗಿರುವುದೇ ಇಲ್ಲ.

ಲೈಬ್ರರಿಯೇ ಬೇಕೇ ಎಂಬುದನ್ನೂ ಈಗಲೇ ಕೇಳಿಕೊಳ್ಳಿ. 2016ರ ಮಾರ್ಚ್‌ನಲ್ಲಿ ‘ಲೆಫ್ಟ್‌-ಪ್ಯಾಡ್’ ಎಂಬ ಹನ್ನೊಂದು ಸಾಲಿನ ಜಾವಾಸ್ಕ್ರಿಪ್ಟ್ ಪೊಟ್ಟಣವನ್ನು ಅದರ ಲೇಖಕರು ಎನ್‌ಪಿಎಂ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೇರವಾಗಿ ಬಳಸದೆ ಬೇರೆ ಪೊಟ್ಟಣಗಳ ಮೂಲಕ ನೆಚ್ಚಿದ್ದ ಸಾವಿರಾರು ಯೋಜನೆಗಳೂ ನಿಂತುಹೋದವು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸವಾಗಿತ್ತು. ನಮ್ಮ ಉದಾಹರಣೆಯಲ್ಲೂ, ಸದಸ್ಯರು ಜಾಲತಾಣಕ್ಕೆ ಬಂದು ತಾವೇ ರಸೀದಿ ಪಡೆಯುವಂತಿದ್ದರೆ, ಮುದ್ರಣಕ್ಕೆಂದು ಒಂದಿಷ್ಟು ಸಿಎಸ್‌ಎಸ್ ಬರೆದು ಉಳಿದದ್ದನ್ನು ಬ್ರೌಸರಿನ ಪ್ರಿಂಟ್ ಗುಂಡಿಗೆ ಬಿಡಬಹುದು. ಸಂಘವೇ ತಯಾರಿಸಿ ಕಳುಹಿಸಬೇಕು ಎಂದಾದರೆ ಮಾತ್ರ ಮುಂದಿನ ಹೆಜ್ಜೆ.

2. ನಾಲ್ಕೈದು ಹೆಸರು ಸಾಕು

ನಮ್ಮ ಕೆಲಸಕ್ಕೆ ನಾನು ಪಟ್ಟಿಗೆ ಸೇರಿಸುವ ಹೆಸರುಗಳು ಇವು. ರಿಪೋರ್ಟ್‌ಲ್ಯಾಬ್: ಬಹಳ ಹಳೆಯದು, ಪಳಗಿದ್ದು, ಪುಟದ ಮೇಲೆ ಎಲ್ಲಿ ಏನಿರಬೇಕೆಂದು ಪೈಥಾನ್‌ನಲ್ಲೇ ಹೇಳಬೇಕು. ಎಫ್‌ಪಿಡಿಎಫ್2: ಹಗುರ, ಇದೂ ಅದೇ ಶೈಲಿಯದು. ವೀಸಿಪ್ರಿಂಟ್: ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕೊಟ್ಟರೆ ಪಿಡಿಎಫ್ ಕೊಡುತ್ತದೆ, ಜಾವಾಸ್ಕ್ರಿಪ್ಟ್ ಮಾತ್ರ ನಡೆಯುವುದಿಲ್ಲ. ಪ್ಲೇರೈಟ್: ಪರದೆಯಿಲ್ಲದೆ ಕ್ರೋಮಿಯಂ ಬ್ರೌಸರನ್ನೇ ಓಡಿಸಿ ಅದರಿಂದ ಮುದ್ರಿಸಿಕೊಳ್ಳುವ ದಾರಿ. ಎಚ್‌ಟಿಎಂಎಲ್ ಅನ್ನು ಪಿಡಿಎಫ್ ಆಗಿಸಲು ಹಳೆಯ ಪಾಠಗಳು ಮತ್ತೆ ಮತ್ತೆ ಹೇಳುವ ಡಬ್ಲ್ಯುಕೆ‌ಎಚ್‌ಟಿಎಂಎಲ್‌ಟುಪಿಡಿಎಫ್ ಐದನೆಯದು.

ಹೆಸರನ್ನು ಅಕ್ಷರ ಬಿಡದೆ ಓದಿ. ಪೈಥಾನ್ ಪೊಟ್ಟಣಗಳ ಭಂಡಾರವಾದ ಪೈಪಿಐನಲ್ಲಿ ‘ಎಫ್‌ಪಿಡಿಎಫ್’ ಎಂಬ ಹಳೆಯ ಪೊಟ್ಟಣವೂ ಇದೆ, ಅದರ ಮುಂದುವರಿಕೆಯಾದ ‘ಎಫ್‌ಪಿಡಿಎಫ್2’ ಕೂಡ ಇದೆ. ಎರಡನ್ನೂ ಕೋಡಿನಲ್ಲಿ ಒಂದೇ ಹೆಸರಿನಿಂದ ಆಮದು ಮಾಡಿಕೊಳ್ಳಬೇಕು. ಎರಡೂ ಒಂದೇ ಯಂತ್ರದಲ್ಲಿ ಸೇರಿಕೊಂಡರೆ ಯಾವುದು ಓಡುತ್ತಿದೆ ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

3. ಜೀವಂತವಾಗಿದೆಯೇ ನೋಡಿ

ನಕ್ಷತ್ರಗಳ ಲೆಕ್ಕ ಒಂದು ಕಾಲದ ಮೆಚ್ಚುಗೆಯನ್ನು ಹೇಳುತ್ತದೆ. ಮೆಚ್ಚಿದವರು ಬಿಟ್ಟುಹೋದಾಗ ನಕ್ಷತ್ರ ಅಳಿಸುವುದಿಲ್ಲ. ದಿನಾಂಕಗಳ ಕೆಲಸಕ್ಕೆ ಹೆಸರಾಗಿದ್ದ ಮೊಮೆಂಟ್ ಜೆಎಸ್‌ನ ತಂಡವೇ 2020ರ ಸೆಪ್ಟೆಂಬರ್‌ನಲ್ಲಿ, ಹೊಸ ಯೋಜನೆಗಳಿಗೆ ಇದನ್ನು ಆರಿಸಬೇಡಿ ಎಂದು ಬರೆಯಿತು. ಅದರ ನಕ್ಷತ್ರಗಳು ಹಾಗೆಯೇ ಉಳಿದಿವೆ. ನಮ್ಮ ಐದನೆಯ ಅಭ್ಯರ್ಥಿಯೂ ಈ ಹೆಜ್ಜೆಯಲ್ಲೇ ಹೊರಬೀಳುತ್ತದೆ: ಅದರ ಗಿಟ್‌ಹಬ್ ಭಂಡಾರವನ್ನು 2023ರ ಜನವರಿಯಲ್ಲಿ ಓದಲು ಮಾತ್ರ ಎಂದು ಮುಚ್ಚಿಡಲಾಯಿತು, ಅದರೊಳಗಿನ ವೆಬ್‌ಕಿಟ್ ಎಂಜಿನ್ ಅದಕ್ಕಿಂತಲೂ ಎಷ್ಟೋ ಹಳೆಯದು.

ಕೊನೆಯ ಬಿಡುಗಡೆಯ ದಿನಾಂಕವನ್ನು ನೋಡಿ, ಆದರೆ ಅದೊಂದರಿಂದಲೇ ತೀರ್ಮಾನಿಸಬೇಡಿ. ಸಣ್ಣ ಕೆಲಸವನ್ನು ಪೂರ್ಣವಾಗಿ ಮಾಡಿ ಮುಗಿಸಿರುವ ಲೈಬ್ರರಿ ಎರಡು ವರ್ಷ ಸುಮ್ಮನಿದ್ದರೆ ತಪ್ಪೇನಿಲ್ಲ. ತೆರೆದಿರುವ ದೂರುಗಳ (‘ಇಶ್ಯೂ’ಗಳ) ಸಂಖ್ಯೆಗಿಂತ ಮುಚ್ಚಿದ ದೂರುಗಳನ್ನು ಓದುವುದು ಹೆಚ್ಚು ಫಲ ಕೊಡುತ್ತದೆ: ಯಾರು ಉತ್ತರಿಸುತ್ತಾರೆ, ಹೇಗೆ ಉತ್ತರಿಸುತ್ತಾರೆ, ಕಾರಣ ಕೊಟ್ಟು ಮುಚ್ಚುತ್ತಾರೆಯೇ ಅಥವಾ ಹಳತಾಯಿತೆಂದು ರೋಬೋಟ್ ಮುಚ್ಚುತ್ತದೆಯೇ. ಕನ್ನಡಿಗರಿಗೆ ಇನ್ನೊಂದು ಕೆಲಸ ಇದೆ. ದೂರುಗಳ ಹುಡುಕು ಪೆಟ್ಟಿಗೆಯಲ್ಲಿ ಕನ್ನಡ, ತೆಲುಗು, ದೇವನಾಗರಿ, ಇಂಡಿಕ್ ಎಂಬ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಹಾಕಿ ನೋಡಿ. ತೆಲುಗಿನವರೋ ಹಿಂದಿಯವರೋ ಎದುರಿಸಿದ ತೊಂದರೆ ಬಹುಪಾಲು ನಮ್ಮದೂ ಆಗಿರುತ್ತದೆ, ಅದಕ್ಕೆ ನಿರ್ವಾಹಕರು ಕೊಟ್ಟ ಉತ್ತರದಲ್ಲಿ ನಿಮ್ಮ ಭವಿಷ್ಯವೂ ಇರುತ್ತದೆ.

ಎಷ್ಟು ಜನರ ಹೆಗಲ ಮೇಲೆ ಇದು ನಿಂತಿದೆ ಎಂಬುದನ್ನೂ ಗಮನಿಸಿ. ಎಕ್ಸ್‌ಝಡ್ ಎಂಬ ಕಡತ ಸಂಕುಚನ ತಂತ್ರಾಂಶ ಲಿನಕ್ಸ್ ಜಗತ್ತಿನಲ್ಲೆಲ್ಲ ಇದ್ದರೂ ಬಹುಕಾಲ ಅದನ್ನು ನೋಡಿಕೊಂಡವರು ಹೆಚ್ಚುಕಡಿಮೆ ಒಬ್ಬರೇ. ದಣಿದಿದ್ದ ಅವರಿಗೆ ನೆರವಾಗಲು ಬಂದಂತೆ ನಟಿಸಿದ ಒಬ್ಬರು ವರ್ಷಗಟ್ಟಲೆ ವಿಶ್ವಾಸ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕದ್ದು ಒಳನುಗ್ಗುವ ಹಿಂಬಾಗಿಲನ್ನು ಅಡಗಿಸಿದರು. ಸರ್ವರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದೇಕೆ ಎಂದು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶದ ಅಭಿವೃದ್ಧಿಕಾರ ಆಂಡ್ರೆಸ್ ಫ್ರಾಯಿಂಡ್ ಬೆನ್ನುಹತ್ತಿದ್ದರಿಂದ 2024ರ ಮಾರ್ಚ್ ಕೊನೆಯಲ್ಲಿ ಅದು ಬಯಲಾಯಿತು. ಒಬ್ಬರೇ ನಡೆಸುವ ಲೈಬ್ರರಿಯನ್ನು ಬಳಸಲೇಬಾರದು ಎಂದು ನಾನು ಹೇಳುವುದಿಲ್ಲ. ಹಾಗೆ ಹೊರಟರೆ ಉಳಿಯುವುದು ಕೆಲವೇ ಕೆಲವು. ಆದರೆ ಅಂಥದ್ದನ್ನು ಆರಿಸಿದಾಗ ಬದಲಿ ದಾರಿ ಯಾವುದೆಂದು ಮೊದಲೇ ತಿಳಿದಿರಬೇಕು. ಸಾಧ್ಯವಿದ್ದರೆ ಆ ಒಬ್ಬರಿಗೆ ಹಣದ ಅಥವಾ ಕೆಲಸದ ನೆರವು ಕೊಡಬೇಕು.

4. ಪರವಾನಗಿಯನ್ನು ಓದಿ

ಎಂಐಟಿ, ಬಿಎಸ್‌ಡಿ, ಅಪಾಚೆ 2.0 ಪರವಾನಗಿಗಳಿದ್ದರೆ ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಂಡು ಮುಚ್ಚಿದ ತಂತ್ರಾಂಶದಲ್ಲೂ ಬಳಸಬಹುದು. ರಿಪೋರ್ಟ್‌ಲ್ಯಾಬ್‌ನ ಮುಕ್ತ ಆವೃತ್ತಿ ಮತ್ತು ವೀಸಿಪ್ರಿಂಟ್ ಬಿಎಸ್‌ಡಿ ಅಡಿಯಲ್ಲಿವೆ, ಪ್ಲೇರೈಟ್ ಅಪಾಚೆ 2.0. ಎಫ್‌ಪಿಡಿಎಫ್2 ಎಲ್‌ಜಿಪಿಎಲ್ ಅಡಿಯಲ್ಲಿದೆ: ಲೈಬ್ರರಿಯಾಗಿ ಬಳಸಿಕೊಳ್ಳಬಹುದು, ಆದರೆ ಅದನ್ನೇ ತಿದ್ದಿ ಹಂಚಿದರೆ ಆ ತಿದ್ದುಪಡಿಯ ಮೂಲ ಸಂಕೇತವನ್ನು ಕೊಡಬೇಕು. ಪಿಡಿಎಫ್ ಕ್ಷೇತ್ರದಲ್ಲಿ ಎಚ್ಚರ ಬೇಕಿರುವುದು ಎಜಿಪಿಎಲ್ ಬಗ್ಗೆ. ಪೈಎಂಯುಪಿಡಿಎಫ್ ಮತ್ತು ಜಾವಾ ಲೋಕದ ಐಟೆಕ್ಸ್ಟ್ ಎರಡೂ ಎಜಿಪಿಎಲ್ ಅಥವಾ ಹಣ ಕೊಟ್ಟು ಪಡೆಯುವ ಪರವಾನಗಿಯಲ್ಲಿ ಸಿಗುತ್ತವೆ. ಜಾಲದ ಮೂಲಕ ಸೇವೆ ಪಡೆಯುವವರಿಗೂ ಮೂಲ ಸಂಕೇತ ಕೊಡುವ ಹೊಣೆಯನ್ನು ಎಜಿಪಿಎಲ್ ಹೊರಿಸಬಲ್ಲದು. ಆರು ತಿಂಗಳ ಕೆಲಸ ಮುಗಿದ ಮೇಲೆ ಇದು ಗೊತ್ತಾದರೆ ಕಷ್ಟ.

ಪರವಾನಗಿ ಬದಲಾಗುವುದೂ ಉಂಟು. ಸರ್ವರ್‌ಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್ 2023ರ ಆಗಸ್ಟ್‌ನಲ್ಲಿ, ದತ್ತಾಂಶ ಸಂಗ್ರಹದ ರೆಡಿಸ್ 2024ರ ಮಾರ್ಚ್‌ನಲ್ಲಿ ಮುಕ್ತ ಪರವಾನಗಿಯಿಂದ ಸರಿದವು. ಅವುಗಳ ಮುಕ್ತ ಕವಲುಗಳಾದ ಓಪನ್‌ಟೋಫು ಮತ್ತು ವಾಲ್ಕಿ ಹುಟ್ಟಿದ್ದು ಹಾಗೆ. 2025ರಲ್ಲಿ ರೆಡಿಸ್ ಎಜಿಪಿಎಲ್ ಆಯ್ಕೆಯನ್ನೂ ಸೇರಿಸಿ ಮುಕ್ತ ಪರವಾನಗಿಗೆ ಮರಳಿತು. ಒಂದೇ ಕಂಪನಿಯ ಒಡೆತನದಲ್ಲಿ ಹಕ್ಕೆಲ್ಲ ಇರುವ ಯೋಜನೆಗೂ, ಪ್ರತಿಷ್ಠಾನವೊಂದರ ಅಡಿಯಲ್ಲಿ ಹಲವರು ನಡೆಸುವ ಯೋಜನೆಗೂ ಇರುವ ವ್ಯತ್ಯಾಸ ಇಂಥ ಹೊತ್ತಿನಲ್ಲಿ ಕಾಣುತ್ತದೆ.

ಫಾಂಟ್‌ಗೂ ಪರವಾನಗಿ ಇದೆ ಎಂಬುದನ್ನು ಹಲವರು ಮರೆಯುತ್ತಾರೆ. ಪಿಡಿಎಫ್ ಒಳಗೆ ಫಾಂಟ್ ಅಡಕವಾಗಿ ಹೋಗುತ್ತದೆ. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಫಾಂಟ್‌ಗಳನ್ನು ನಿಮ್ಮ ಸರ್ವರ್‌ಗೆ ನಕಲು ಮಾಡಿಕೊಳ್ಳುವ ಬದಲು, ಓಪನ್ ಫಾಂಟ್ ಪರವಾನಗಿಯ ನೋಟೊ ಸಾನ್ಸ್ ಕನ್ನಡವನ್ನು ಬಳಸಿ.

5. ಬೇರುಗಳನ್ನು ಅಗೆದು ನೋಡಿ

ಲೈಬ್ರರಿಯೊಂದನ್ನು ಸೇರಿಸಿಕೊಂಡರೆ ಅದು ನೆಚ್ಚಿಕೊಂಡಿರುವ ಎಲ್ಲವನ್ನೂ ಸೇರಿಸಿಕೊಂಡಂತೆ. 2018ರಲ್ಲಿ ‘ಇವೆಂಟ್‌-ಸ್ಟ್ರೀಮ್’ ಎಂಬ ಜನಪ್ರಿಯ ಪೊಟ್ಟಣದ ಹೊಣೆ ಹೊಸಬರೊಬ್ಬರ ಕೈಗೆ ಹೋಯಿತು. ಅವರು ಒಳಗೆ ಇನ್ನೊಂದು ಸಣ್ಣ ಪೊಟ್ಟಣವನ್ನು ಸೇರಿಸಿ, ಅದರ ಮೂಲಕ ಒಂದು ಬಿಟ್‌ಕಾಯಿನ್ ವ್ಯಾಲೆಟ್‌ಗೆ ಕನ್ನ ಹಾಕಲು ಯತ್ನಿಸಿದರು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ ಭದ್ರತಾ ದೋಷ ಹೊರಬಿದ್ದಾಗ, ತಮ್ಮ ತಂತ್ರಾಂಶದೊಳಗೆ ಅದು ಇದೆಯೇ ಇಲ್ಲವೇ ಎಂದು ತಿಳಿಯುವುದೇ ಎಷ್ಟೋ ಸಂಸ್ಥೆಗಳಿಗೆ ಮೊದಲ ದೊಡ್ಡ ಕೆಲಸವಾಯಿತು.

ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಉಳಿದವುಗಳಿಂದ ಬೇರ್ಪಟ್ಟ ಪೈಥಾನ್ ಆವರಣ) ತೆರೆದು, ಅದೊಂದನ್ನೇ ಇನ್‌ಸ್ಟಾಲ್ ಮಾಡಿ, ‘ಪಿಪ್‌ಡೆಪ್‌ಟ್ರೀ’ ಓಡಿಸಿ. ಅವಲಂಬನೆಗಳ ಮರ ಕಣ್ಣಿಗೆ ಕಾಣುತ್ತದೆ. ಬಳಿಕ ‘ಪಿಪ್‌-ಆಡಿಟ್’ ಓಡಿಸಿದರೆ ತಿಳಿದಿರುವ ಭದ್ರತಾ ದೋಷಗಳ ಪಟ್ಟಿ ಬರುತ್ತದೆ. ಜಾವಾಸ್ಕ್ರಿಪ್ಟ್‌ನವರಿಗೆ ‘ಎನ್‌ಪಿಎಂ ಎಲ್‌ಎಸ್’ ಮತ್ತು ‘ಎನ್‌ಪಿಎಂ ಆಡಿಟ್’ ಇವೆ. ಒಂದು ಸೂಕ್ಷ್ಮವಿದೆ. ವೀಸಿಪ್ರಿಂಟ್ ನಿಂತಿರುವುದು ಪಠ್ಯ ಜೋಡಿಸುವ ಪ್ಯಾಂಗೊ ಎಂಬ ಸಿಸ್ಟಂ ಲೈಬ್ರರಿಯ ಮೇಲೆ, ಅದು ಪೈಥಾನ್ ಪೊಟ್ಟಣಗಳನ್ನು ಹಾಕುವ ಪಿಪ್ ಮೂಲಕ ಬರುವುದಿಲ್ಲ. ಉಬುಂಟುವಿನಲ್ಲಿ ಒಂದು ಆಜ್ಞೆ ಸಾಕು. ವಿಂಡೋಸ್‌ನಲ್ಲಿ ತಾಳ್ಮೆ ಬೇಕು. ಸಿಸ್ಟಂ ಲೈಬ್ರರಿ ಹಾಕಲು ಬಿಡದ ಅಗ್ಗದ ಹೋಸ್ಟಿಂಗ್‌ನಲ್ಲಿ ದಾರಿಯೇ ಇಲ್ಲದಿರಬಹುದು. ಪಿಪ್‌-ಆಡಿಟ್ ಪ್ಯಾಂಗೊವನ್ನು ನೋಡುವುದೂ ಇಲ್ಲ, ಅದರ ಭದ್ರತಾ ನವೀಕರಣ ಆಪರೇಟಿಂಗ್ ಸಿಸ್ಟಂನ ಹೊಣೆ. ಪ್ಲೇರೈಟ್‌ನ ಲೆಕ್ಕಕ್ಕೆ ಇಡೀ ಒಂದು ಬ್ರೌಸರ್ ಸೇರುತ್ತದೆ. ಮೊದಲ ಹೆಜ್ಜೆಯಲ್ಲಿ ‘ಎಲ್ಲಿ ಓಡಬೇಕು’ ಎಂದು ಬರೆದಿಟ್ಟದ್ದು ಇಲ್ಲಿ ನೆರವಿಗೆ ಬರುತ್ತದೆ.

6. ನಿಮ್ಮದೇ ಕನ್ನಡ ಹಾಕಿ ಪ್ರಯೋಗ ಮಾಡಿ

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ.

ಏನನ್ನು ಪರೀಕ್ಷಿಸುತ್ತಿದ್ದೇವೆ ಎಂಬುದು ಮೊದಲು ಸ್ಪಷ್ಟವಾಗಲಿ. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಓದುಗನ ಕಣ್ಣಿಗೆ ಮೂರು ಅಕ್ಷರ. ಪೈಥಾನ್‌ನಲ್ಲಿ ಅದರ ಉದ್ದ ಕೇಳಿದರೆ 11 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ವ್ಯಂಜನ, ಹಲಂತ, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಕೋಡ್‌ಪಾಯಿಂಟ್‌ಗಳು, ಅಂದರೆ ಬೇರೆ ಬೇರೆ ಸಂಕೇತ ಸಂಖ್ಯೆಗಳು. ಆ ಹನ್ನೊಂದನ್ನು ಫಾಂಟಿನೊಳಗಿನ ನಿಯಮಗಳ ಪ್ರಕಾರ ಮೂರು ಅಕ್ಷರಗಳಾಗಿ ಜೋಡಿಸುವ ಕೆಲಸವನ್ನು ಯಾರಾದರೂ ಮಾಡಬೇಕು. ಮುಕ್ತ ತಂತ್ರಾಂಶ ಲೋಕದಲ್ಲಿ ಆ ಕೆಲಸ ಮಾಡುವುದು ಹಾರ್ಫ್‌ಬಜ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದಿದೆ. ಹಾಗಾಗಿ ‘ಯೂನಿಕೋಡ್ ಬೆಂಬಲವಿದೆಯೇ’ ಎಂಬ ಪ್ರಶ್ನೆಗಿಂತ ‘ಹಾರ್ಫ್‌ಬಜ್‌ನಂಥ ಅಕ್ಷರ ಜೋಡಣೆ ಇದೆಯೇ’ ಎಂಬ ಪ್ರಶ್ನೆ ನಮಗೆ ಮುಖ್ಯ. ವೀಸಿಪ್ರಿಂಟ್‌ಗೆ ಅದು ಪ್ಯಾಂಗೊ ಮೂಲಕ ಸಿಗುತ್ತದೆ. ಎಫ್‌ಪಿಡಿಎಫ್2ಕ್ಕೆ 2023ರಲ್ಲಿ, 2.7.5 ಆವೃತ್ತಿಯಲ್ಲಿ ಸೇರಿತು. ‘ಯುಹಾರ್ಫ್‌ಬಜ್’ ಎಂಬ ಪೊಟ್ಟಣವನ್ನು ಜೊತೆಗೆ ಹಾಕಿಕೊಂಡು, ಅಕ್ಷರ ಜೋಡಣೆಯನ್ನು ನಾವೇ ಕೋಡಿನಲ್ಲಿ ಚಾಲೂ ಮಾಡಬೇಕು. ಚಾಲೂ ಮಾಡಲು ಮರೆತರೆ ಯಾವ ಎಚ್ಚರಿಕೆಯೂ ಇಲ್ಲದೆ ಒಡೆದ ಕನ್ನಡ ಬರುತ್ತದೆ. ರಿಪೋರ್ಟ್‌ಲ್ಯಾಬ್‌ನಲ್ಲಿ ಬಹುಕಾಲ ಇದು ಇರಲೇ ಇಲ್ಲ. ಅದನ್ನು ಆರಿಸುವುದಾದರೆ ನೀವು ಹಾಕಿಕೊಳ್ಳುವ ಆವೃತ್ತಿಯ ಬಿಡುಗಡೆ ಟಿಪ್ಪಣಿಯನ್ನು ಓದಿಯೇ ಮುಂದುವರಿಯಿರಿ.

ಈಗ ಪರೀಕ್ಷೆಯ ಪದಗಳ ಕಡತವೊಂದನ್ನು ಮಾಡಿ. ‘ಅಮ್ಮ’, ‘ನಮಸ್ಕಾರ’ ಎಂಬ ಸುಲಭದ ಪದಗಳಿಗೆ ನಿಲ್ಲಬೇಡಿ. ‘ತೀರ್ಥಹಳ್ಳಿ’ ಹಾಕಿದರೆ ಅರ್ಕಾವೊತ್ತು ಸರಿಯಾದ ಕಡೆ ಬರುತ್ತದೆಯೇ ತಿಳಿಯುತ್ತದೆ. ‘ರಾಷ್ಟ್ರೀಯ’ ಮತ್ತು ‘ಲಕ್ಷ್ಮೀ’ ಎರಡೆರಡು ಒತ್ತುಗಳ ಜೊತೆ ದೀರ್ಘವನ್ನೂ ಪರೀಕ್ಷಿಸುತ್ತವೆ. ‘ಕೊಳ್ಳೇಗಾಲ’ದಲ್ಲಿ ಮೇಲೂ ಪಕ್ಕದಲ್ಲೂ ಹರಡಿಕೊಳ್ಳುವ ಸ್ವರಚಿಹ್ನೆಗಳಿವೆ. ‘ರ‍್ಯಾಂಕ್’ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಇರುತ್ತದೆ. ಅದನ್ನು ನುಂಗಿಬಿಡುವ ಲೈಬ್ರರಿ ಈ ಪದವನ್ನು ಅರ್ಕಾವೊತ್ತಿನೊಂದಿಗೆ ಮುದ್ರಿಸುತ್ತದೆ. ‘₹1,250.50’ ಮರೆಯಬೇಡಿ, ಹಳೆಯ ಕನ್ನಡ ಫಾಂಟ್‌ಗಳಲ್ಲಿ 2010ರಲ್ಲಿ ಬಂದ ರೂಪಾಯಿ ಚಿಹ್ನೆ ಇರುವುದಿಲ್ಲ. ಪ್ಯಾಂಗೊ ತಾನೇ ಬೇರೆ ಫಾಂಟ್‌ನಿಂದ ಆ ಚಿಹ್ನೆ ತಂದುಕೊಳ್ಳುತ್ತದೆ, ಎಫ್‌ಪಿಡಿಎಫ್2ಕ್ಕೆ ಬದಲಿ ಫಾಂಟ್ ಯಾವುದೆಂದು ನೀವು ಹೇಳಿಕೊಡಬೇಕು. ಕೊನೆಗೆ ಒಂದು ಉದ್ದನೆಯ ವಿಳಾಸ ಸೇರಿಸಿ, ಕೋಷ್ಟಕದ ಕಿರಿದಾದ ಅಂಕಣದಲ್ಲಿ ಸಾಲು ಎಲ್ಲಿ ಮುರಿಯುತ್ತದೆ ನೋಡಿ. ಒತ್ತಕ್ಷರದ ನಡುವೆ ಸಾಲು ಮುರಿಯುವ ಲೈಬ್ರರಿಯನ್ನು ನಾನಂತೂ ಒಪ್ಪಲಾರೆ.

ಎಲ್ಲ ಅಭ್ಯರ್ಥಿಗಳಿಗೂ ಅದೇ ಕಡತ, ಅದೇ ಫಾಂಟ್ ಕೊಡಿ. ಬಂದ ಪಿಡಿಎಫ್‌ಗಳನ್ನು ಕಾಗದದ ಮೇಲೆ ಮುದ್ರಿಸಿ, ಕೋಡ್ ಬರೆಯದ, ಕನ್ನಡವನ್ನು ಚೆನ್ನಾಗಿ ಓದುವ ಒಬ್ಬರ ಕೈಗೆ ಕೊಡಿ. ದಿನವಿಡೀ ಪರದೆ ನೋಡಿದ ನಮ್ಮ ಕಣ್ಣು ಒಡೆದ ಅಕ್ಷರವನ್ನೂ ಮನಸ್ಸಿನಲ್ಲೇ ಸರಿಪಡಿಸಿ ಓದಿಬಿಡುತ್ತದೆ.

ಚೆನ್ನಾಗಿ ಕಂಡರೆ ಮುಗಿಯಲಿಲ್ಲ. ಪಿಡಿಎಫ್‌ನಿಂದ ಪಠ್ಯವನ್ನು ನಕಲು ಮಾಡಿ ಬೇರೆಡೆ ಅಂಟಿಸಿ, ಅಥವಾ ‘ಪಿಡಿಎಫ್‌ಟುಟೆಕ್ಸ್ಟ್’ ಎಂಬ ಸಲಕರಣೆಯಿಂದ ಹೊರತೆಗೆಯಿರಿ. ಅರ್ಕಾವೊತ್ತನ್ನು ಬರೆಯುವುದು ಅಕ್ಷರದ ನಂತರ, ಯೂನಿಕೋಡ್‌ನಲ್ಲಿ ಅದು ಇರುವುದು ಮೊದಲು. ಕಾಣುವ ಆಕಾರಗಳನ್ನು ಮರಳಿ ಕೋಡ್‌ಪಾಯಿಂಟ್‌ಗಳಿಗೆ ಹೊಂದಿಸುವ ಮಾಹಿತಿಯನ್ನು ಲೈಬ್ರರಿ ಸರಿಯಾಗಿ ಬರೆದಿರದಿದ್ದರೆ, ಹೊರಬರುವ ಪಠ್ಯ ಕಲಸಿಹೋಗಿರುತ್ತದೆ. ಅಂಥ ರಸೀದಿಯಲ್ಲಿ ಸದಸ್ಯರ ಹೆಸರು ಹುಡುಕಿದರೆ ಸಿಗದು, ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಅದನ್ನು ತಪ್ಪಾಗಿ ಓದುತ್ತದೆ. ಹೊರಬಂದ ಪಠ್ಯವನ್ನು ಮೂಲದೊಂದಿಗೆ ಹೋಲಿಸುವಾಗ ಎರಡನ್ನೂ ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನಿಂದ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತನ್ನಿ. ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಬಿಡಿಸಿಯೂ ಬರೆಯಲು ಸಾಧ್ಯವಿರುವುದರಿಂದ, ಹಾಗೆ ಮಾಡದಿದ್ದರೆ ಸರಿಯಾದದ್ದೂ ತಪ್ಪೆಂದು ಬರುತ್ತದೆ.

ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಗೆದ್ದ ಲೈಬ್ರರಿಯನ್ನು ಕೊನೆಗೆ ನಿಜವಾದ ಸರ್ವರ್‌ನಲ್ಲಿ ಓಡಿಸಿ. ಸರ್ವರ್‌ನಲ್ಲಿ ತಂತ್ರಾಂಶ ಓಡಿಸಲು ಬಳಸುವ ಸಣ್ಣ ಡಾಕರ್ ಇಮೇಜ್‌ಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಫಾಂಟ್ ಕಡತವನ್ನು ನಿಮ್ಮ ಕೋಡಿನ ಜೊತೆಯಲ್ಲೇ ಇಟ್ಟು ಅದರ ದಾರಿಯನ್ನು ಸ್ಪಷ್ಟವಾಗಿ ಕೊಡಿ.

7. ವೇಗ

ವೇಗದ ಹೋಲಿಕೆಯನ್ನು ಇಲ್ಲಿಯವರೆಗೆ ಉಳಿದವುಗಳ ನಡುವೆ ಮಾತ್ರ ಮಾಡಿ. ಒಂದು ರಸೀದಿಯ ಬದಲು ಒಂದು ತಿಂಗಳ ಪೂರ್ತಿ ರಸೀದಿಗಳನ್ನು ತಯಾರಿಸಿ, ಹಿಡಿದ ಸಮಯ ಮತ್ತು ಮೆಮೊರಿ ಎರಡನ್ನೂ ಅಳೆಯಿರಿ. ವೀಸಿಪ್ರಿಂಟ್ ದೊಡ್ಡ ಕೋಷ್ಟಕಗಳಲ್ಲಿ ನಿಧಾನ. ಆದರೆ ರಾತ್ರಿ ಓಡುವ ಕೆಲಸಕ್ಕೆ ಹತ್ತು ನಿಮಿಷವಾದರೇನು, ಇಪ್ಪತ್ತಾದರೇನು?

8. ಸಲಕರಣೆಗಳ ಲೆಕ್ಕ ಬೇರೆ

ಲೈಬ್ರರಿ ನಿಮ್ಮ ಕೋಡಿನೊಳಗೆ ಬೇರುಬಿಡುತ್ತದೆ. ಕೋಡ್ ತಪಾಸಣೆಯ ಸಲಕರಣೆ, ಕೋಡನ್ನು ಓರಣಗೊಳಿಸುವ ಫಾರ್ಮ್ಯಾಟರ್ ಮೊದಲಾದವು ಹೊರಗೆ ನಿಂತು ಕೆಲಸ ಮಾಡುತ್ತವೆ, ಬಿಡುವುದೂ ಸುಲಭ. ಅವುಗಳ ಆಯ್ಕೆಗೆ ವಾರಗಟ್ಟಲೆ ಚರ್ಚಿಸುವ ತಂಡಗಳು ಲೈಬ್ರರಿಯನ್ನು ಒಂದು ಸಂಜೆಯಲ್ಲಿ ಆರಿಸುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಪೈಥಾನ್‌ನ ಇಂಥ ಸಲಕರಣೆಗಳಾದ ಫ್ಲೇಕ್8, ಐಸಾರ್ಟ್, ಬ್ಲ್ಯಾಕ್ ಮೂರರ ಬದಲು ರಫ್ ಒಂದನ್ನೇ ಬಳಸಬೇಕೇ ಎಂಬ ಪ್ರಶ್ನೆಗೆ ಅರ್ಧ ದಿನ ಓಡಿಸಿ ನೋಡಿದರೆ ಉತ್ತರ ಸಿಗುತ್ತದೆ. ಫಾರ್ಮ್ಯಾಟರ್ ಬದಲಿಸಿದಾಗ ಸಾವಿರಾರು ಸಾಲು ಒಮ್ಮೆಗೇ ಬದಲಾಗುತ್ತವೆ, ಅದನ್ನು ಬೇರೆ ಯಾವುದರೊಂದಿಗೂ ಬೆರೆಸದೆ ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಮ್ಮೆಗೆ ದಾಖಲಾಗುವ ಬದಲಾವಣೆ) ಇಡಿ. ಆ ಕಮಿಟ್ ಅನ್ನು, ಯಾವ ಸಾಲನ್ನು ಯಾರು ಬದಲಿಸಿದರೆಂದು ತೋರಿಸುವ ‘ಬ್ಲೇಮ್’ ಲೆಕ್ಕದಿಂದ ಹೊರಗಿಡುವ ಸೌಲಭ್ಯ 2019ರಿಂದ ಗಿಟ್‌ನಲ್ಲೇ ಇದೆ.

9. ತೀರ್ಮಾನವನ್ನು ಬರೆದು, ಬಾಗಿಲನ್ನು ಒಂದೇ ಇಡಿ

ನಮ್ಮ ಸಂಘಕ್ಕೆ ಲಿನಕ್ಸ್ ಸರ್ವರ್ ಇದ್ದು, ರಸೀದಿಯ ವಿನ್ಯಾಸವನ್ನು ಎಚ್‌ಟಿಎಂಎಲ್ ಬಲ್ಲವರು ನೋಡಿಕೊಳ್ಳುವುದಾದರೆ ನನ್ನ ಆಯ್ಕೆ ವೀಸಿಪ್ರಿಂಟ್. ಕಚೇರಿಯ ವಿಂಡೋಸ್ ಕಂಪ್ಯೂಟರಿನಲ್ಲೇ ಓಡಬೇಕಾದರೆ ಎಫ್‌ಪಿಡಿಎಫ್2. ನೀವು ಏನನ್ನೇ ಆರಿಸಿ, ಯಾವುದನ್ನು ಯಾಕೆ ಬಿಟ್ಟಿರಿ ಎಂಬುದನ್ನು ಕೋಡಿನ ಜೊತೆಗೇ ಒಂದು ಪುಟದಲ್ಲಿ ಬರೆದಿಡಿ. ಎರಡು ವರ್ಷದ ಮೇಲೆ ಬರುವವರು ಅದೇ ಹುಡುಕಾಟವನ್ನು ಮೊದಲಿನಿಂದ ಮಾಡಬೇಕಾಗದು.

ಲೈಬ್ರರಿಯನ್ನು ಹತ್ತು ಕಡತಗಳಿಂದ ಕರೆಯಬೇಡಿ. ‘ರಸೀದಿ ತಯಾರಿಸು’ ಎಂಬ ನಿಮ್ಮದೇ ಒಂದು ಫಂಕ್ಷನ್ ಬರೆದು, ಅದರೊಳಗೆ ಮಾತ್ರ ಆ ಲೈಬ್ರರಿಯ ಹೆಸರು ಬರಲಿ. ಆವೃತ್ತಿಯನ್ನು ಲಾಕ್ ಕಡತದಲ್ಲಿ (ಯಾವ ಆವೃತ್ತಿ ಎಂದು ನಿಖರವಾಗಿ ಬರೆದಿಡುವ ಕಡತ) ಕಟ್ಟಿಹಾಕಿ. ಆರನೆಯ ಹೆಜ್ಜೆಯ ಪದಗಳ ಕಡತವನ್ನು ಸ್ವಯಂಚಾಲಿತ ಪರೀಕ್ಷೆಯಾಗಿ ಉಳಿಸಿಕೊಂಡು, ಆವೃತ್ತಿ ಏರಿಸಿದಾಗಲೆಲ್ಲ ಓಡಿಸಿ: ಪಿಡಿಎಫ್ ತಯಾರಿಸುವುದು, ಪುಟವನ್ನು ಚಿತ್ರವಾಗಿಸಿ ಹಳೆಯ ಚಿತ್ರದೊಂದಿಗೆ ಹೋಲಿಸುವುದು, ಪಠ್ಯವನ್ನು ಹೊರತೆಗೆದು ಮೂಲದೊಂದಿಗೆ ಹೋಲಿಸುವುದು.

ಪರೀಕ್ಷೆ ಸೋತರೆ ಹಳೆಯ ಆವೃತ್ತಿಗೆ ಮರಳಿ, ದೋಷವನ್ನು ನಿರ್ವಾಹಕರಿಗೆ ವರದಿ ಮಾಡಿ. ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದನ್ನು ನೆನಪಿಟ್ಟು ಬರೆಯಿರಿ. ತಪ್ಪಾದ ಪದ ಒಂದೇ ಸಾಕು. ಅದರ ಕೋಡ್‌ಪಾಯಿಂಟ್‌ಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಫಾಂಟ್ ಮತ್ತು ಲೈಬ್ರರಿಯ ಆವೃತ್ತಿ ತಿಳಿಸಿ, ದೋಷವನ್ನು ತೋರಿಸುವ ಹತ್ತು ಸಾಲಿನ ಕೋಡ್ ಕೊಡಿ. ಜೊತೆಗೆ ಎರಡು ಚಿತ್ರ ಲಗತ್ತಿಸಿ: ಲೈಬ್ರರಿ ಕೊಟ್ಟ ರೂಪ ಒಂದು, ಅದೇ ಪದ ಅದೇ ಫಾಂಟಿನಲ್ಲಿ ಫೈರ್‌ಫಾಕ್ಸ್‌ನಲ್ಲಿ ಸರಿಯಾಗಿ ಕಾಣುವ ರೂಪ ಇನ್ನೊಂದು.